ಎಪಿಗ್ರಾಂ ಯಾವುದು, ಎಪಿಗ್ರಾಫ್ ಯಾವುದು? ಬೈಂಡಿಂಗಿಗೆ ಕೊಡುವ ಮುಂಚೆ ನೋಡಿಕೊಳ್ಳಿ

ಕಪ್ಪು ರೆಕ್ಸಿನ್ ರಟ್ಟಿನ ಮೇಲೆ ಒಮ್ಮೆ ಚಿನ್ನದ ಅಕ್ಷರ ಒತ್ತಿದರೆ ಮುಗಿಯಿತು. ಉಜ್ಜಿದರೆ ಬಣ್ಣ ಹೋಗುತ್ತದೆ, ಒತ್ತಿದ ಗುರುತು ಹೋಗುವುದಿಲ್ಲ. ಕೆಲವು ವರ್ಷಗಳ ಹಿಂದೆ ದಾವಣಗೆರೆಯ ಅಶೋಕ ರಸ್ತೆ ಕಡೆಯ ಒಂದು ಡಿಟಿಪಿ ಅಂಗಡಿಯಲ್ಲಿ ನಾನು ಪ್ರೂಫ್ ನೋಡುತ್ತಾ ಕೂತಿದ್ದಾಗ ಒಬ್ಬ ಹುಡುಗಿ ಥೀಸಿಸ್‌ನ ಐದು ಪ್ರತಿಗಳನ್ನು ಎದೆಗವಚಿಕೊಂಡು ಬಂದಳು. ಚಿತ್ರದುರ್ಗ ಜಿಲ್ಲೆಯ ಶಾಸನಗಳ ಮೇಲೆ ಇಂಗ್ಲಿಷಿನಲ್ಲಿ ಬರೆದ ಪ್ರಬಂಧ. ಬಿಸಿಲಲ್ಲಿ ಬೆಟ್ಟ ಹತ್ತಿ, ಕಲ್ಲು ತೊಳೆದು, ಅಕ್ಷರ ಬಿಡಿಸಿ ಓದಿದ ವರ್ಷಗಟ್ಟಲೆ ದುಡಿಮೆ. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ‘ಎಪಿಗ್ರಾಮ್ಸ್ ಆಫ್ ಚಿತ್ರದುರ್ಗ ಡಿಸ್ಟ್ರಿಕ್ಟ್’ ಅಂತ ಇತ್ತು. ಗೈಡ್ ಬೆಳಿಗ್ಗೆ ನೋಡಿ, ಸಹಿ ಹಾಕದೆ ವಾಪಸ್ ಕಳಿಸಿದ್ದರು.

“ಎಪಿಗ್ರಾಫ್ಸ್ ಅಂತ ಇರಬೇಕಿತ್ತಂತೆ ಸರ್. ಎರಡೂ ಒಂದೇ ಅಲ್ವಾ? ಸ್ಪೆಲ್‌ಚೆಕ್ ಕೆಂಪು ಗೆರೆನೇ ತೋರಿಸ್ಲಿಲ್ಲ.”

ತೋರಿಸುವುದೂ ಇಲ್ಲ. ಎರಡೂ ಇಂಗ್ಲಿಷಿನಲ್ಲಿ ಇರುವ ಪದಗಳೇ, ಎರಡರ ಕಾಗುಣಿತವೂ ಸರಿ. ಒಂದರ ಜಾಗದಲ್ಲಿ ಇನ್ನೊಂದು ಕೂತಿದೆ ಅನ್ನುವುದು ಯಂತ್ರಕ್ಕೆ ತಿಳಿಯುವುದು ಕಷ್ಟ. ಆಮೇಲೆ ನಾನು ಎಷ್ಟೋ ಥೀಸಿಸ್, ಕಾಲೇಜು ಮ್ಯಾಗಜಿನ್, ಸ್ಮರಣ ಸಂಚಿಕೆಗಳಲ್ಲಿ ಇದೇ ತಪ್ಪು ಕಂಡಿದ್ದೇನೆ. ಅದಕ್ಕೇ ಈ ಎರಡು ಪದಗಳನ್ನು ಬೇರೆ ಬೇರೆ ಮಾಡಿಟ್ಟುಕೊಳ್ಳುವ ಬಗೆಯನ್ನು, ನಾನು ಕೆಲಸ ಮಾಡುವಾಗ ಅನುಸರಿಸುವ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ

ನಿಮ್ಮ ಕಣ್ಣ ಮುಂದೆ ಒಂದು ಚಿಕ್ಕ ಸಾಲು ಇದೆ ಅಂದುಕೊಳ್ಳಿ. ಅದನ್ನು ಕರೆಯುವ ಮುಂಚೆ ಕೇಳಿಕೊಳ್ಳಿ: ನಾನು ಹೇಳಹೊರಟಿದ್ದು ಆ ಮಾತಿನ ಗುಣವನ್ನೋ, ಅದು ಕೂತಿರುವ ಜಾಗವನ್ನೋ?

ಮಾತು ಚಿಕ್ಕದು, ಚುರುಕಾಗಿದೆ, ಕೊನೆಯಲ್ಲಿ ಒಂದು ತಿರುವು ಇದೆ, ಕೇಳಿದವರು ‘ಆಹಾ’ ಅನ್ನುತ್ತಾರೆ ಅಂತಾದರೆ ಅದು ಎಪಿಗ್ರಾಂ. ನಮ್ಮಲ್ಲಿ ಚಾಟೂಕ್ತಿ ಅನ್ನುತ್ತೇವೆ. ಕಲ್ಲಿನ ಮೇಲೆ ಕೆತ್ತಿದ್ದಾರೆ, ಅಥವಾ ಪುಸ್ತಕದ ಮೊದಲಿಗೆ, ಅಧ್ಯಾಯದ ನೆತ್ತಿಯ ಮೇಲೆ ಬೇರೆಯವರ ಸಾಲೊಂದನ್ನು ತಂದು ಕೂರಿಸಿದ್ದಾರೆ ಅಂತಾದರೆ ಅದು ಎಪಿಗ್ರಾಫ್.

ಆ ಹುಡುಗಿಗೆ ಅವತ್ತು ನಾನು ಹೇಳಿದ ಉದಾಹರಣೆ ಇದು. ‘ಬೆಣ್ಣೆ ಕರಗಿದ ಮೇಲೆ ದೋಸೆಯ ಗುಣ ಗೊತ್ತಾಗುತ್ತೆ, ದುಡ್ಡು ಕರಗಿದ ಮೇಲೆ ನೆಂಟರ ಗುಣ.’ ದೋಸೆ ಹೋಟೆಲಿನಲ್ಲಿ ಕೂತು ಯಾರೋ ಗೆಳೆಯನಿಗೆ ಈ ಮಾತು ಅಂದರೆ ಅದು ಎಪಿಗ್ರಾಂ. ದೋಸೆಯಲ್ಲಿ ಶುರುವಾಗಿ ನೆಂಟರ ಮೇಲೆ ಹೋಗಿ ಬೀಳುತ್ತದಲ್ಲ, ಅದೇ ತಿರುವು. ಇದೇ ಸಾಲನ್ನು ಹೋಟೆಲಿನವರು ಕಲ್ಲಿನ ಮೇಲೆ ಕೆತ್ತಿಸಿ ಬಾಗಿಲ ಪಕ್ಕ ನಿಲ್ಲಿಸಿದರು ಅಂದುಕೊಳ್ಳಿ. ಆ ಬರಹ ಈಗ ಎಪಿಗ್ರಾಫ್. ಮುಂದೊಂದು ದಿನ ಯಾರೋ ದಾವಣಗೆರೆಯ ತಿಂಡಿಗಳ ಮೇಲೆ ಪುಸ್ತಕ ಬರೆದು, ಮೊದಲ ಅಧ್ಯಾಯ ಶುರುವಾಗುವ ಮುಂಚೆ ಈ ಸಾಲನ್ನು ಓರೆ ಅಕ್ಷರದಲ್ಲಿ ಹಾಕಿಕೊಂಡರೆ ಅಲ್ಲೂ ಅದು ಎಪಿಗ್ರಾಫ್. ಸಾಲು ಒಂದೇ, ಒಂದಕ್ಷರವೂ ಬದಲಾಗಿಲ್ಲ. ಅದರೊಳಗಿನ ಎಪಿಗ್ರಾಂ ಗುಣ ಮೂರೂ ಕಡೆ ಹಾಗೇ ಇದೆ. ಎಪಿಗ್ರಾಫ್ ಅನ್ನುವ ಹೆಸರು ಮಾತ್ರ ಕೂತ ಜಾಗದಿಂದ ಬಂತು.

ನೆನಪಿನಲ್ಲಿ ಉಳಿಯಬೇಕಾದರೆ

ತಲೆಯಲ್ಲಿ ಉಳಿಯುವುದಕ್ಕೆ ಏನಾದರೂ ಕೊಂಡಿ ಬೇಕು. ವಯಸ್ಸಾದವರಿಗೆ ನಾನು ಟೆಲಿಗ್ರಾಂ ನೆನಪು ಮಾಡುತ್ತೇನೆ. ನಮ್ಮ ದೇಶದಲ್ಲಿ ಟೆಲಿಗ್ರಾಂ ಸೇವೆ ನಿಂತದ್ದು 2013ರ ಜುಲೈನಲ್ಲಿ, ಹಾಗಾಗಿ ಮೂವತ್ತು ದಾಟಿದವರಿಗೂ ಅಲ್ಪಸ್ವಲ್ಪ ನೆನಪಿರುತ್ತದೆ. ಮನೆಗೆ ಬರುತ್ತಿದ್ದದ್ದು ಟೆಲಿಗ್ರಾಂ, ಅಂದರೆ ನಾಲ್ಕೇ ಪದದ ಸುದ್ದಿ. ಅದನ್ನು ಹೊತ್ತು ತರುತ್ತಿದ್ದದ್ದು ಟೆಲಿಗ್ರಾಫ್, ಅಂದರೆ ಕಂಬ, ತಂತಿ, ಯಂತ್ರ. ಗ್ರಾಂ ಅಂದರೆ ಮಾತು, ಗ್ರಾಫ್ ಅಂದರೆ ಆ ಮಾತನ್ನು ಹೊತ್ತದ್ದು. ಫೋಟೋಗ್ರಾಫ್‌ನಂಥ ಪದಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಇದನ್ನು ವ್ಯಾಕರಣದ ನಿಯಮ ಅಂತ ಹಿಡಿಯದೆ ನೆನಪಿಗೊಂದು ಗಂಟು ಅಂತ ಇಟ್ಟುಕೊಳ್ಳಿ.

ಹೆಣ್ಣುಮಕ್ಕಳಿಗೆ, ಅದರಲ್ಲೂ ಮದುವೆ ಮನೆಯವರಿಗೆ, ಚಿನ್ನದ ಗ್ರಾಂ ಹೇಳಿದರೆ ತಕ್ಷಣ ಹಿಡಿಯುತ್ತದೆ. ತೂಕ ಕಡಿಮೆ, ಬೆಲೆ ಜಾಸ್ತಿ. ಎಪಿಗ್ರಾಂ ಕೂಡ ಹಾಗೇ.

ಇತಿಹಾಸದ ವಿದ್ಯಾರ್ಥಿಗಳಿಗೆ ಇದ್ಯಾವುದೂ ಬೇಡ. ಬಿ.ಎಲ್. ರೈಸ್ ಅವರು ಹಳೆಯ ಮೈಸೂರು ಸಂಸ್ಥಾನದ ಶಾಸನಗಳನ್ನು ಜಿಲ್ಲಾವಾರು ಅಚ್ಚು ಹಾಕಿಸಿದ ಸಂಪುಟಗಳ ಹೆಸರು ಎಪಿಗ್ರಾಫಿಯಾ ಕರ್ನಾಟಿಕಾ. ಅದರ 11ನೇ ಸಂಪುಟವೇ ಚಿತ್ರದುರ್ಗ ಜಿಲ್ಲೆಯದು. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ನಮ್ಮ ತಾಲ್ಲೂಕಿನ ಶಾಸನಗಳೂ ಅದರಲ್ಲೇ ಇವೆ. ಎಪಿಗ್ರಾಮಿಯಾ ಕರ್ನಾಟಿಕಾ ಅಂತ ಬಾಯಲ್ಲಿ ಅಂದು ನೋಡಿ, ಕಿವಿಗೇ ಒಗ್ಗುವುದಿಲ್ಲ. ಶಾಸನ ಓದುವ ವಿದ್ಯೆ ಎಪಿಗ್ರಫಿ, ಓದುವವರು ಎಪಿಗ್ರಫಿಸ್ಟ್. ಮೈಸೂರಿನಲ್ಲಿರುವ ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗದ ಬೋರ್ಡಿನಲ್ಲೂ ಇದೇ ಪದ. ಇವೆಲ್ಲ ಒಂದೇ ಮನೆಯ ಮಕ್ಕಳು ಅಂತ ಗೊತ್ತಾದರೆ ಕಲ್ಲು ಕಂಡಾಗ ಕೈ ತಾನಾಗೇ ಗ್ರಾಫ್ ಅಂತ ಬರೆಯುತ್ತದೆ.

ಆಮೇಲೆ ಕಲ್ಲಿನ ಹತ್ತಿರ ಹೋಗಿ

ಇಲ್ಲಿ ನಿಧಾನ ಮಾಡಬೇಕು. ಇದು ನಮ್ಮ ಸೀಮೆಯ ಆಸ್ತಿ. ಇಲ್ಲಿ ತಪ್ಪು ಪದ ಬಳಸಿದರೆ ನನಗೆ ಮನಸ್ಸಿಗೆ ನೋವಾಗುತ್ತದೆ.

ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಜಾಗಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಇವನ್ನು ಹೊರಜಗತ್ತಿಗೆ ತಿಳಿಸಿದವರು ಅದೇ ರೈಸ್. ಬಂಡೆಯ ಮೇಲೆ ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಇಸಿಲ ಎಂಬ ಊರಿನ ಮಹಾಮಾತ್ರರಿಗೆ, ಅಂದರೆ ಹಿರಿಯ ಅಧಿಕಾರಿಗಳಿಗೆ, ಸುವರ್ಣಗಿರಿಯಿಂದ ಬಂದ ಅಪ್ಪಣೆ ಅದು. ಅದರಲ್ಲಿ ತಂದೆತಾಯಿಯರ ಸೇವೆ ಮಾಡಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಎಂಬ ಮಾತುಗಳು ಬರುತ್ತವೆ.

ಈಗ ಪರೀಕ್ಷೆ ಮಾಡಿ. ಇದು ಎಪಿಗ್ರಾಫ್ ಹೌದೋ? ಹೌದು, ಕಲ್ಲಿನ ಮೇಲೆ ಕೆತ್ತಿದೆ. ಎಪಿಗ್ರಾಂ ಹೌದೋ? ‘ಸತ್ಯ ನುಡಿಯಬೇಕು’ ಚಿಕ್ಕ ಮಾತು, ನೆನಪಿನಲ್ಲೂ ಉಳಿಯುತ್ತದೆ. ಆದರೆ ಅದರಲ್ಲಿ ತಿರುವಿಲ್ಲ. ನೇರವಾದ ಬುದ್ಧಿಮಾತು. ಎರಡು ಸಾವಿರ ವರ್ಷಕ್ಕೂ ಮೀರಿ ನಿಂತ ದೊಡ್ಡ ಮಾತೇ ಸರಿ, ಆದರೂ ಎಪಿಗ್ರಾಂ ಅಲ್ಲ. ಮಾತು ಚಿಕ್ಕದಾಗಿದೆ, ಹಳೆಯದಾಗಿದೆ, ಒಳ್ಳೆಯದಾಗಿದೆ ಅಂದಮಾತ್ರಕ್ಕೆ ಎಪಿಗ್ರಾಂ ಆಗುವುದಿಲ್ಲ. ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲೇ.

ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನವಿದೆ. ಮೂರೇ ಸಾಲು, ಅದೂ ಪ್ರಾಕೃತವೇ. ಕೆರೆಯ ವಿಷಯ, ಅವನು ಗೆದ್ದವರ ಹೆಸರುಗಳು. ಸಾಲು ಎಣಿಸಿ ‘ಇಷ್ಟು ಚಿಕ್ಕದು, ಹಾಗಾದರೆ ಎಪಿಗ್ರಾಂ’ ಅಂದುಬಿಟ್ಟರೆ ತಪ್ಪು. ಇತ್ತ ಹರಿಹರದಲ್ಲಿ, ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ ಪೋಲಾಳ್ವ ದಂಡನಾಯಕ ಕಟ್ಟಿಸಿದ ಹರಿಹರೇಶ್ವರ ಗುಡಿಯ ಆವರಣದಲ್ಲಿ ಆಳೆತ್ತರದ ಶಾಸನದ ಕಲ್ಲುಗಳಿವೆ. ಓದುತ್ತಾ ಹೋದರೆ ಮುಗಿಯುವುದೇ ಇಲ್ಲ. ಅವೂ ಎಪಿಗ್ರಾಫೇ. ಕಲ್ಲಿನ ಎಪಿಗ್ರಾಫಿಗೆ ಉದ್ದದ ಮಿತಿ ಇಲ್ಲ. ಎಪಿಗ್ರಾಂಗೆ ಇದೆ.

ಎರಡೂ ಒಂದೇ ಕಡೆ ಸಿಕ್ಕರೆ?

ಸಿಗುತ್ತವೆ. ಸಿಕ್ಕಾಗ ಗಾಬರಿಯಾಗಬೇಡಿ. ಬಾದಾಮಿಯ ಬಂಡೆಯ ಮೇಲೆ ಕ್ರಿ.ಶ. 700ರ ಸುಮಾರಿನ ಕಪ್ಪೆ ಅರಭಟ್ಟನ ಶಾಸನವಿದೆಯಲ್ಲ, ಹೈಸ್ಕೂಲಿನಲ್ಲೇ ಓದಿರುತ್ತೀರಿ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಮೊದಲ ಸಾಲು ಎಷ್ಟು ಮೆತ್ತಗೆ ಬರುತ್ತದೆ ನೋಡಿ. ಒಳ್ಳೆಯವನಿಗೆ ಒಳ್ಳೆಯವನು, ಮಧುರವಾಗಿರುವವನಿಗೆ ಮಧುರ. ಕೇಳುವವನು ‘ಇವನೊಬ್ಬ ಸಾಧು ಮನುಷ್ಯ’ ಅಂದುಕೊಳ್ಳುತ್ತಿರುವಾಗಲೇ ಎರಡನೇ ಸಾಲು ಕತ್ತಿ ಹಿರಿಯುತ್ತದೆ. ಕಾಡಿಸುವ ವೀರನಿಗೆ ಮಾತ್ರ ಇವನು ಬೇರೆಯೇ. ಈ ತಿರುವೇ ಎಪಿಗ್ರಾಂನ ಜೀವ. ಹಾಗಾಗಿ ಆ ಬಂಡೆಬರಹ ಎಪಿಗ್ರಾಫ್, ಅದರಲ್ಲಿರುವ ಈ ತ್ರಿಪದಿಗೆ ಎಪಿಗ್ರಾಂನ ಗುಣ. ಪರೀಕ್ಷೆಯಲ್ಲಿ ಎರಡು ಪದಗಳ ವ್ಯತ್ಯಾಸ ಕೇಳಿದರೆ ನಾನಾದರೆ ಈ ಒಂದೇ ಉದಾಹರಣೆ ಬರೆದು ಪೆನ್ನು ಕೆಳಗಿಡುತ್ತೇನೆ. ನಮ್ಮ ಎಷ್ಟೋ ವೀರಗಲ್ಲುಗಳಲ್ಲಿ ಕಾಣುವ ‘ಜಿತೇನ ಲಭ್ಯತೇ ಲಕ್ಷ್ಮೀ, ಮೃತೇನಾಪಿ ಸುರಾಂಗನಾ’ ಎಂಬ ಶ್ಲೋಕವೂ ಹಾಗೇ. ಗೆದ್ದರೆ ಸಿರಿ, ಸತ್ತರೆ ದೇವಲೋಕದ ಹೆಣ್ಣು, ಗಳಿಗೆಯಲ್ಲಿ ಹೋಗುವ ದೇಹ ಇದು, ರಣದಲ್ಲಿ ಸಾಯುವುದಕ್ಕೆ ಚಿಂತೆ ಯಾಕೆ ಅನ್ನುತ್ತದೆ.

ಈ ಎರಡು ಪದ ಇಷ್ಟು ಹತ್ತಿರ ಇರುವುದಕ್ಕೆ ಕಾರಣವೂ ಇದೆ. ಎರಡೂ ಗ್ರೀಕ್ ಮೂಲದವು, ಎರಡಕ್ಕೂ ‘ಮೇಲೆ ಬರೆದದ್ದು’ ಎಂಬುದೇ ಬೇರಿನ ಅರ್ಥ. ಹಳೆಯ ಗ್ರೀಕರು ಗೋರಿಕಲ್ಲುಗಳ ಮೇಲೆ, ದೇವರಿಗೆ ಅರ್ಪಿಸಿದ ವಸ್ತುಗಳ ಮೇಲೆ ಎರಡು ನಾಲ್ಕು ಸಾಲಿನ ಪದ್ಯ ಕೆತ್ತಿಸುತ್ತಿದ್ದರು. ಕಲ್ಲಿನಲ್ಲಿ ಜಾಗ ಕಡಿಮೆ, ಕೆತ್ತುವ ಶ್ರಮ ಜಾಸ್ತಿ, ಹಾಗಾಗಿ ಮಾತು ಬಿಗಿಯಾಯಿತು. ಆ ಬಿಗಿ ಬರಬರುತ್ತಾ ಕಲ್ಲನ್ನು ಬಿಟ್ಟು ಹಾಳೆಗೆ ಬಂತು. ಮೊದಲನೇ ಶತಮಾನದ ರೋಮ್ ಕವಿ ಮಾರ್ಷಿಯಲ್ ಈ ಬಗೆಯ ಪದ್ಯಗಳನ್ನೇ ಪುಸ್ತಕಗಟ್ಟಲೆ ಬರೆದ. ಬಾಲದಲ್ಲಿ ಚೇಳಿನ ಕೊಂಡಿಯಿಟ್ಟ ಹಾಗೆ ಕೊನೆಯಲ್ಲಿ ಚುಚ್ಚುವುದು ಅವನ ರೀತಿ. ಎಪಿಗ್ರಾಂ ಅಂದರೆ ಚುರುಕು ಮಾತು ಎಂಬ ಈಗಿನ ಅರ್ಥಕ್ಕೆ ಅವನೇ ದೊಡ್ಡ ಕಾರಣ. ಇದನ್ನು ಯಾಕೆ ಹೇಳಿದೆ ಅಂದರೆ, ಗ್ರೀಕ್ ಸಾಹಿತ್ಯದ ಪುಸ್ತಕದಲ್ಲಿ ಗೋರಿಯ ಮೇಲಿನ ಪದ್ಯವನ್ನು ಎಪಿಗ್ರಾಂ ಅಂದಿದ್ದರೆ ಅದು ಅಚ್ಚಿನ ತಪ್ಪಲ್ಲ. ಆ ಕಾಲಕ್ಕೆ ಅದು ಸರಿ. ಪೆನ್ಸಿಲ್ ತಗೊಂಡು ತಿದ್ದಲು ಹೋಗಬೇಡಿ.

ಪುಸ್ತಕದ ಬಾಗಿಲಲ್ಲಿ ನಿಲ್ಲುವ ಎಪಿಗ್ರಾಫ್

ಥೀಸಿಸ್ ಬರೆಯುವವರಿಗೆ, ಕವನ ಸಂಕಲನ ತರುವವರಿಗೆ ಬೇಕಾಗುವುದು ಈ ಎರಡನೇ ಅರ್ಥ. ಇದು ಮುನ್ನುಡಿ ಅಲ್ಲ, ಬೆನ್ನುಡಿ ಅಲ್ಲ, ಅರ್ಪಣೆಯೂ ಅಲ್ಲ. ಅರ್ಪಣೆಯಲ್ಲಿ ‘ಅವ್ವನಿಗೆ’ ಅಂತ ನಿಮ್ಮ ಮಾತು ಇರುತ್ತದೆ. ಎಪಿಗ್ರಾಫಿನಲ್ಲಿ ಸಾಮಾನ್ಯವಾಗಿ ಬೇರೆಯವರ ಸಾಲು ಇರುತ್ತದೆ, ಅದು ಮುಂದೆ ಬರುವ ವಿಷಯಕ್ಕೆ ದೀಪ ಹಿಡಿಯಬೇಕು.

ಹಾಕುವ ರೀತಿ ಸರಳ. ಇಡೀ ಪುಸ್ತಕಕ್ಕಾದರೆ ಅರ್ಪಣೆ ಆದಮೇಲೆ ಒಂದು ಪುಟ ಬಿಟ್ಟುಕೊಡಿ. ಅಧ್ಯಾಯಕ್ಕಾದರೆ ಶೀರ್ಷಿಕೆಯ ಕೆಳಗೆ, ಮೊದಲ ಪ್ಯಾರಾದ ಮೇಲೆ, ಬಲಗಡೆಗೆ ಸರಿಸಿ, ಒಂದು ಸೈಜ್ ಚಿಕ್ಕ ಅಕ್ಷರದಲ್ಲಿ. ಕೆಳಗಿನ ಸಾಲಿನಲ್ಲಿ ಬರೆದವರ ಹೆಸರು. ಬೇರೆಯಾಗಿ ನಿಲ್ಲಿಸಿದ ಸಾಲಿಗೆ ಉದ್ಧರಣ ಚಿಹ್ನೆ ಬೇಕಾಗುವುದಿಲ್ಲ. ಎರಡು ಮೂರು ಸಾಲು ಸಾಕು. ಅರ್ಧ ಪುಟ ತುಂಬಿಸಿದರೆ ಓದುಗರು ಹಾರಿಸಿ ಮುಂದೆ ಹೋಗುತ್ತಾರೆ.

ಆ ಸಾಲು ನಿಜವಾಗಿ ಅವರದ್ದೇ ಹೌದೋ ಅಂತ ನೋಡುವುದೇ ದೊಡ್ಡ ಕೆಲಸ. ವಾಟ್ಸಾಪ್‌ನಲ್ಲಿ ಬಸವಣ್ಣನವರ ಚಿತ್ರದ ಕೆಳಗೆ ಬಂದದ್ದೆಲ್ಲ ಬಸವಣ್ಣನವರ ವಚನ ಅಲ್ಲ. ವಚನವಾದರೆ ಮೊದಲು ಅಂಕಿತ ನೋಡಿ: ಕೂಡಲಸಂಗಮದೇವ ಅಂದರೆ ಬಸವಣ್ಣ, ಗುಹೇಶ್ವರ ಅಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕ. ಅಂಕಿತವೇ ಇಲ್ಲದ ನಾಲ್ಕು ಸಾಲು ಬಂದರೆ ಅಚ್ಚಾದ ವಚನ ಸಂಪುಟದಲ್ಲಿ ಸಿಗುವವರೆಗೂ ಅದನ್ನು ಮುಟ್ಟಬೇಡಿ. ಗಾಂಧೀಜಿ ಹೆಸರಿನಲ್ಲಿ ಓಡಾಡುವ ಇಂಗ್ಲಿಷ್ ಸಾಲುಗಳಿಗೂ ಇದೇ ಎಚ್ಚರ ಬೇಕು. ಕೆತ್ತಿದ ಕಲ್ಲಿಗೆ ತಾನೇ ಸಾಕ್ಷಿ. ಪುಸ್ತಕದ ಎಪಿಗ್ರಾಫಿಗೆ ಸಾಕ್ಷಿ ಒದಗಿಸಬೇಕಾದವರು ನೀವು.

ಎಪಿಗ್ರಾಂ, ಗಾದೆ, ಘೋಷಣೆ

ಗಾದೆಗೆ ಹೇಳಿದವರ ಹೆಸರಿಲ್ಲ, ಊರೆಲ್ಲ ಸೇರಿ ತೇಯ್ದು ನುಣುಪು ಮಾಡಿದ್ದು. ಎಪಿಗ್ರಾಂ ಹಿಂದೆ ಸಾಮಾನ್ಯವಾಗಿ ಒಬ್ಬರ ತಲೆ ಇರುತ್ತದೆ. ಘೋಷಣೆ ಕೂಗುವುದಕ್ಕೆ, ಸುಭಾಷಿತ ತಿದ್ದುವುದಕ್ಕೆ. ನಮ್ಮ ಚುಟುಕ ಎಪಿಗ್ರಾಂಗೆ ಬಹಳ ಹತ್ತಿರ. ಚುಟುಕ ಬ್ರಹ್ಮ ಅನ್ನಿಸಿಕೊಂಡ ದಿನಕರ ದೇಸಾಯಿ ಅವರನ್ನು ಇಂಗ್ಲಿಷಿನಲ್ಲಿ ಪರಿಚಯಿಸುವಾಗ ಎಪಿಗ್ರಾಂ ಅಂತ ಬರೆದರೆ ಒಪ್ಪುತ್ತದೆ.

ಅನುಮಾನ ಬಂದರೆ ಸಾಲಿನ ಕೊನೆಯ ಅರ್ಧ ಮುಚ್ಚಿ, ಗೊತ್ತಿಲ್ಲದವರ ಹತ್ತಿರ ಪೂರ್ತಿ ಮಾಡಿಸಿ. ಅವರು ಊಹಿಸಿದ್ದೇ ಇದ್ದರೆ ಬುದ್ಧಿಮಾತು. ಊಹಿಸದ ಕಡೆ ಹೋಗಿ ನಿಂತರೆ, ಆದರೂ ‘ಹೌದಲ್ಲ’ ಅನ್ನಿಸಿದರೆ, ಅದು ಎಪಿಗ್ರಾಂ.

ಕೊನೆಗೆ, ಕಂಪ್ಯೂಟರ್ ಮುಂದೆ ಕೂತು

ಕಂಟ್ರೋಲ್ ಒತ್ತಿ ಎಫ್ ಒತ್ತಿ. ಹುಡುಕುವ ಜಾಗದಲ್ಲಿ ಎರಡೂ ಪದಗಳಿಗೆ ಸಮನಾದ ಮೊದಲ ಆರು ಅಕ್ಷರ ಹೊಡೆಯಿರಿ: ಇ, ಪಿ, ಐ, ಜಿ, ಆರ್, ಎ. ಎರಡೂ ಒಟ್ಟಿಗೆ ಸಿಗುತ್ತವೆ. ಒಂದೊಂದನ್ನೂ ನಿಲ್ಲಿಸಿ, ‘ಮಾತೋ ಜಾಗವೋ’ ಅಂತ ಕೇಳಿಕೊಂಡು ಮುಂದೆ ಹೋಗಿ. ಒಂದೇ ಏಟಿಗೆ ಎಲ್ಲವನ್ನೂ ಬದಲಾಯಿಸುವ ಗುಂಡಿ ಮಾತ್ರ ಒತ್ತಬೇಡಿ, ಸರಿ ಇದ್ದದ್ದೂ ಕೆಡುತ್ತದೆ. ಪಕ್ಕದ ಪದ ನೋಡಿದರೂ ಸುಳಿವು ಸಿಗುತ್ತದೆ. ಅಧ್ಯಾಯದ ಎಪಿಗ್ರಾಫಿಗೆ ಇಂಗ್ಲಿಷಿನಲ್ಲಿ ‘ಟು’ ಬರುತ್ತದೆ, ದುಡ್ಡಿನ ಮೇಲಿನ ಎಪಿಗ್ರಾಂಗೆ ‘ಆನ್’ ಇಲ್ಲವೇ ‘ಅಬೌಟ್’.

ಶೀರ್ಷಿಕೆ, ಒಳಮುಖಪುಟ, ಪರಿವಿಡಿ, ಪ್ರಮಾಣಪತ್ರದ ಪುಟ, ಬೆನ್ನಿನ ಮೇಲಿನ ಅಕ್ಷರ, ಇಷ್ಟನ್ನೂ ಕಣ್ಣಿಂದಲೇ ನೋಡಿ. ಹೊದಿಕೆ ಬೇರೆ ಫೈಲಿನಲ್ಲಿ ಇರುತ್ತದೆ, ಹುಡುಕಾಟಕ್ಕೆ ಸಿಗುವುದಿಲ್ಲ.

ಕನ್ನಡದಿಂದ ಇಂಗ್ಲಿಷಿಗೆ ತರುವವರಿಗೆ ಇನ್ನೊಂದು ಹಳ್ಳ ಇದೆ. ಶಾಸನ ಅಂದರೆ ಕಲ್ಬರಹವೂ ಹೌದು, ಕಾನೂನೂ ಹೌದು. ಶಾಸನಸಭೆಯ ಶಾಸನ ಎಪಿಗ್ರಾಫ್ ಅಲ್ಲ. ಯಂತ್ರದ ಅನುವಾದ ನಂಬಿದರೆ ಹರಿಹರದ ಕಲ್ಲು ವಿಧಾನಸೌಧಕ್ಕೆ ಹೋಗಿಬಿಡುತ್ತದೆ. ‘ಶಿಲಾಶಾಸನ’ ಅಂತ ಬಿಡಿಸಿ ಬರೆದುಕೊಳ್ಳಿ. ಹಾಗೇ, ಗೋರಿಯ ಮೇಲೆ ಸತ್ತವರ ನೆನಪಿಗೆ ಬರೆದದ್ದು ಎಪಿಟಾಫ್. ದಾವಣಗೆರೆಯನ್ನು ಹತ್ತಿ ಗಿರಣಿಗಳ ಕಾರಣಕ್ಕೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನುತ್ತಿದ್ದರಲ್ಲ, ಅಂಥ ಬಿರುದು ಎಪಿಥೆಟ್.

ಆ ಹುಡುಗಿಯ ಐದು ರಟ್ಟುಗಳನ್ನೂ ಬೈಂಡರ್ ಕಿತ್ತು ಹೊಸದು ಹಾಕಿದ. “ಈ ಸಲ ಸರ್‌ಗೆ ತೋರ್ಸಿದ್ ಮೇಲೇ ಒತ್ತದು ಕಣಮ್ಮ” ಅಂತ ಅಚ್ಚಿನ ಮೊಳೆಗಳನ್ನು ಜೋಡಿಸಿ ನನ್ನ ಮುಂದೆ ತಂದಿಟ್ಟ. ಅಚ್ಚಿನ ಮೊಳೆ ತಿರುಗುಮುರುಗು ಇರುತ್ತದೆ, ಬಲದಿಂದ ಎಡಕ್ಕೆ ಓದಬೇಕು. ಕೊನೆಯ ಪಿ, ಎಚ್, ಎಸ್ ಮೂರನ್ನೂ ಅವಳು ಬೆರಳಿಟ್ಟು ಮುಟ್ಟಿ ನೋಡಿದಳು.

ಬಿಚ್ಚಿದ್ದು ಬಿಚ್ಚಾಯಿತು, ಮೊದಲ ಪುಟಕ್ಕೊಂದು ಸಾಲು ಹಾಕುತ್ತೀನಿ ಸರ್ ಅಂದಳು. ಬ್ರಹ್ಮಗಿರಿ ಬಂಡೆಯ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ತನ್ನ ಹೆಸರು ಹೇಳಿಕೊಂಡಿದ್ದಾನೆ. ‘ಚಪಡೇನ ಲಿಖಿತೇ ಲಿಪಿಕರೇಣ’, ಚಪಡನೆಂಬ ಲಿಪಿಕಾರ ಬರೆದದ್ದು. ಉಳಿದದ್ದೆಲ್ಲ ಬ್ರಾಹ್ಮಿಯಲ್ಲಿ ಬರೆದವನು ‘ಲಿಪಿಕರೇಣ’ ಎಂಬ ಕೊನೆಯ ಪದವನ್ನು ಮಾತ್ರ ವಾಯವ್ಯ ದಿಕ್ಕಿನ ದೂರದ ಸೀಮೆಯ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಅವಳು ಆರಿಸಿದ್ದು ಆ ಸಾಲನ್ನೇ.

“ಇದು ಎಪಿಗ್ರಾಂ ಏನಮ್ಮ?” ಅಂತ ಕೇಳಿದೆ.

“ಇಲ್ಲ ಸರ್, ತಿರುವು ಇಲ್ಲ. ಬಂಡೆ ಮೇಲಿದ್ದಾಗಲೂ ಎಪಿಗ್ರಾಫು, ನನ್ನ ಪುಟಕ್ಕೆ ಬಂದ್ಮೇಲೂ ಎಪಿಗ್ರಾಫು.”

ಬಲಕ್ಕೆ ಸರಿಸಿ, ಒಂದು ಸೈಜ್ ಚಿಕ್ಕದು ಮಾಡಿ, ಕೆಳಗೆ ‘ಬ್ರಹ್ಮಗಿರಿ’ ಅಂತ ಹಾಕಿ ಪ್ರಿಂಟ್ ಕೊಟ್ಟೆವು.